ಗಿಡದಲ್ಲೇ ಅರಳಿದ ಮಲ್ಲಿಗೆ

ಮೊನ್ನೆ ಸಂಜೆ ಕೊಟ್ಟೂರಿನಿಂದ ಊರಿಗೆ ಹೊರಟ ಬಸ್ಸಿನಲ್ಲಿ, ಮುಂದಿನ ಸೀಟಿನಾಕೆಯ ತುರುಬಿನಲ್ಲಿ ಪೂರಾ ಅರಳಿದ ಮಲ್ಲಿಗೆಯಿತ್ತು. ಮೊಗ್ಗಿನ ವಾಸನೆ ಬೇರೆ, ಅರಳಿದ್ದರ ವಾಸನೆಯೇ ಬೇರೆ. ಹಡಗಲಿ ಸೀಮೆಯವಳಿಗೆ ಅದನ್ನು ಯಾರೂ ಹೇಳಿಕೊಡಬೇಕಿಲ್ಲ. ಕಣ್ಣು ಹಾಗೇ ಮುಚ್ಚಿಕೊಂಡವು... ಕಂಡಕ್ಟರ್ ಟಿಕೆಟ್ಟಿಗಾಗಿ ಗದರಬೇಕಾಯಿತು. ನಮ್ಮ ಮನೆಯ ಹಿಂದಿನ ಗುಡಿಸಲಿನಲ್ಲಿದ್ದ ಅತ್ತೆ ನೆನಪಾಗಿದ್ದಳು.

ಸ್ವಂತ ಅತ್ತೆಯಲ್ಲ, ಓಣಿಯ ಮಕ್ಕಳೆಲ್ಲ ಹಾಗೆ ಕರೆಯುತ್ತಿದ್ದೆವು. ಆಕೆಯ ಗಂಡ ಸಾವ್ಕಾರರ ಮನೆಯಲ್ಲಿ ಜೀತಕ್ಕಿದ್ದ. ಅವನು ಸತ್ತ ಮೇಲೆ ಆ ಜೀತ ಆಕೆಯ ಹೆಗಲಿಗೆ ಬಂತು. ಇದ್ದ ಗುಡಿಸಲೂ ಸಾವ್ಕಾರರ ಜಾಗದಲ್ಲೇ. ನಸುಕಿನಲ್ಲಿ ಎಲ್ಲರಿಗಿಂತ ಮೊದಲು ಅವರ ಮಲ್ಲಿಗೆ ತೋಟಕ್ಕಿಳಿದು ಬಿಡಿಗಾಸಿಲ್ಲದೆ ಮೊಗ್ಗು ಬಿಡಿಸುತ್ತಿದ್ದಳು. ಅವ್ವ ಮತ್ತು ಉಳಿದ ಹೆಂಗಸರು ಕೂಲಿಗೆ ಹೋಗುತ್ತಿದ್ದರು. ಕೂಲಿ ಏರಿಸಿರೆಂದು ಅವರು ಕೇಳಿದಾಗಲೆಲ್ಲ ಸಾವ್ಕಾರರು ನಕ್ಕು, "ಬ್ಯಾಡಾದ್ರ ಬಿಡ್ರವ್ವಾ, ಪುಕ್ಕಟೆ ಬಿಡಸಾಕ ಆಕಿ ಅದಾಳಲ್ಲ" ಎನ್ನುತ್ತಿದ್ದರು. ಸಿಟ್ಟೆಲ್ಲ ಪಾಪ, ಅತ್ತೆಯ ಮೇಲೆ! ನಲ್ಲಿಯ ಹತ್ತಿರ ಆಕೆಯನ್ನು ಯಾರೂ ಮಾತಾಡಿಸುತ್ತಿರಲಿಲ್ಲ.

ಪಂಚಾಯಿತಿ ಅಧ್ಯಕ್ಷರೂ ಸಾವ್ಕಾರರೇ. ಕೆರೆ ಹೂಳೆತ್ತುವ ಸರ್ಕಾರಿ ಕೆಲಸ ಹೂವಿನ ಕಾಲ ಮುಗಿಯುವ ತನಕ ಶುರುವಾಗುತ್ತಲೇ ಇರಲಿಲ್ಲ. ಶುರುವಾದರೆ ತೋಟಕ್ಕೆ ಅಗ್ಗದ ಆಳು ಎಲ್ಲಿಂದ ಬಂದಾರು? ಓಟಿನ ದಿನ ತೋಟದ ಟ್ರ್ಯಾಕ್ಟರೇ ಹೆಂಗಸರನ್ನು ಮತಗಟ್ಟೆಗೆ ಹೇರಿಕೊಂಡು ಹೋಗುತ್ತಿತ್ತು.

ಒಂದು ಸಂಜೆ ಅತ್ತೆ ನಮ್ಮ ಹೊಸ್ತಿಲಲ್ಲಿ ಬಂದು ಕೂತಳು. ಒಳಗೆ ಅವ್ವನ ಜೊತೆ ಓಣಿಯ ಹೆಂಗಸರಿದ್ದರು.

"ನಾ ಪುಕ್ಕಟೆ ಬಿಡಸೋ ತನಕ ನಿಮ್ಮ ಕೂಲಿ ಏರಂಗಿಲ್ಲ. ನಾಳಿಂದ ನಾ ಹೋಗಂಗಿಲ್ಲ. ನೀವೂ ಹೋಗಬ್ಯಾಡ್ರಿ."

"ನಿನ್ನ ಗುಡಿಸಲಾ ಕೀಳಸ್ತಾರಲೇ!" ಅವ್ವ ಗಾಬರಿಯಾದಳು.

"ಕೀಳಸ್ಲಿ ಬಿಡು."

ಮರುದಿನ ತೋಟಕ್ಕೆ ಕರೆದೊಯ್ಯಲು ಬಂದ ಟ್ರ್ಯಾಕ್ಟರ್ ಹಾರನ್ ಹೊಡೆದು ಹೊಡೆದು ಸುಮ್ಮನಾಯಿತು. ಯಾರೂ ಹತ್ತಲಿಲ್ಲ. ಮಲ್ಲಿಗೆಯನ್ನು ಮೊಗ್ಗಿದ್ದಾಗಲೇ ಬಿಡಿಸಬೇಕು, ಗಿಡದಲ್ಲಿ ಅರಳಿದ್ದನ್ನು ವ್ಯಾಪಾರಸ್ಥರು ಮುಟ್ಟುವುದಿಲ್ಲ. ಅವತ್ತು ಹೊತ್ತು ಇಳಿಯುತ್ತಿದ್ದ ಹಾಗೆ ಇಡೀ ತೋಟ ಅರಳಿತು. ಗಾಳಿ ನಿಂತಿತ್ತು, ವಾಸನೆ ಮಾತ್ರ ಓಣಿಯಿಂದ ಓಣಿಗೆ ತಾನೇ ನಡೆದು ಬಂತು... ನಾವು ಮಕ್ಕಳು ಆಟ ಬಿಟ್ಟು ಕೂತಿದ್ದೆವು. ಮುಂದೇನೋ ಎಂಬ ಭಯವಿತ್ತು, ಆದರೂ ಅಂಥ ಸುಖದ ಸಂಜೆಯನ್ನು ನಾನು ಮತ್ತೆ ಕಂಡಿಲ್ಲ. ಕಟ್ಟೆಯ ಮೇಲೆ ಅತ್ತೆ ಕಣ್ಣು ಮುಚ್ಚಿ, "ಎಂಥಾ ವಾಸ್ನಿ ಬಿಡೇ ಯವ್ವಾ... ಇಷ್ಟು ವರ್ಷ ಬಿಡಿಸೀನಿ, ನನ್ನ ಮೂಗಿಗೆ ಬಿದ್ದಿದ್ದೇ ಇಲ್ಲ" ಎಂದಳು.

ಹೂವು ಹಾಗೇ ಅರಳಿ ಅರಳಿ ಉದುರತೊಡಗಿದಾಗ ಸಾವ್ಕಾರರು ಬಗ್ಗಿದರು. ಕೂಲಿ ಏರಿತು. ಆದರೆ ಅತ್ತೆ ತೋಟಕ್ಕೆ ಕಾಲಿಡಬಾರದೆಂದರು, ಗುಡಿಸಲು ಕೀಳಿಸಿದರು. ನಮ್ಮನೆಯಲ್ಲೇ ಇರು ಎಂದು ಅವ್ವ ಕೈ ಹಿಡಿದು ಬೇಡಿಕೊಂಡಳು. "ನನ್ನ ಇಟ್ಗಂಡ್ರ ನಿನ್ನ ಕೂಲೀನೂ ಹೊಕ್ಕೈತಿ" ಎಂದ ಅತ್ತೆ, ರಸ್ತೆ ಕೆಲಸದವರ ಜೊತೆ ಮಂಗಳೂರಿನ ಕಡೆ ಗುಳೆ ಹೋದಳು. ಆಮೇಲೆ ಸುದ್ದಿಯೇ ಬರಲಿಲ್ಲ... ಎಲ್ಲಿ ತೀರಿಕೊಂಡಳೋ, ಇದ್ದಾಳೋ.

ಮುಂದಿನ ಓಟಿನಲ್ಲಿ ಸಾವ್ಕಾರರು ಸೋತರು. ಅವರ ಟ್ರ್ಯಾಕ್ಟರ್ ಹತ್ತಿ ಹೋದವರೇ ಸೋಲಿಸಿದರು. ಈಗ ಕೆರೆ ಕೆಲಸ ಹೂವಿನ ಕಾಲದಲ್ಲೇ ಶುರುವಾಗುತ್ತದೆ. ಅವ್ವನ ಕೂಲಿಯಲ್ಲಿ ಓದಿದ ನಾನು ನರ್ಸ್ ಆಗಿದ್ದೇನೆ.

ಮನೆ ಮುಟ್ಟಿದವಳು ಬಸ್ಸಿನಲ್ಲಿ ಅತ್ತೆ ನೆನಪಾದದ್ದನ್ನು ಅವ್ವನಿಗೆ ಹೇಳಿದೆ.

"ನಮ್ಮೆಲ್ಲಾರ ಕೂಲಿ ಏರಿಸಿದ್ಲು," ಎಂದಳು. "ಆ ತೋಟದಾಗ ಒಂದು ದಿನದ ಕೂಲಿ ಕೈಯಾಗ ಹಿಡೀಲಿಲ್ಲ ನೋಡು, ಆಕಿ."