ಆಯ್ತಪ್ಪನ ಒಂದೇ ಮಾತು

ಅವನಿಗೆ ಹೆತ್ತವರು ಇಟ್ಟ ಹೆಸರು ಬೇರೆ. ಆದರೆ ಅಂಗವಿಕಲರ ಆ ವಸತಿಗೃಹದಲ್ಲಿ ಅಡುಗೆಯವಳಿಂದ ಮೇಲ್ವಿಚಾರಕಿಯವರೆಗೆ ಎಲ್ಲರೂ ಅವನನ್ನು ಕರೆಯುತ್ತಿದ್ದುದು ಆಯ್ತಪ್ಪ ಎಂದೇ. ಯಾರು ಏನು ಕೇಳಿದರೂ ಅವನ ಉತ್ತರ ಅದೊಂದೇ. ಎದುರಿಗಿರುವುದು ಹೆಂಗಸಾಗಲಿ, ಮಗುವಾಗಲಿ, ‘ಆಯ್ತಪ್ಪ.’

ವಯಸ್ಸು ನಲವತ್ತು ದಾಟಿತ್ತು. ಅಗಲ ಹೆಗಲು, ದೊಡ್ಡ ಅಂಗೈ. ಬುದ್ಧಿಯ ಬೆಳವಣಿಗೆ ಎಳವೆಯಲ್ಲೇ ನಿಂತಿತ್ತು, ಜೊತೆಗೆ ಆಗಿನಿಂದಲೂ ಫಿಟ್ಸ್. ಬೆಳಿಗ್ಗೆ ಸಂಜೆ ತಪ್ಪದೆ ಮಾತ್ರೆ ನುಂಗಿದರೆ ತಿಂಗಳುಗಟ್ಟಲೆ ಅದರ ಸುಳಿವಿರುತ್ತಿರಲಿಲ್ಲ. ತಪ್ಪಿದರೆ ಎಲ್ಲಿ, ಯಾವಾಗ ಬೀಳುತ್ತಾನೋ ಹೇಳುವಂತಿರಲಿಲ್ಲ.

ಹಗಲೆಲ್ಲ ಅವನು ಬಟ್ಟೆ ಒಗೆಯುವ ಕೋಣೆಯಲ್ಲಿ ಟವೆಲ್ ಮಡಚುತ್ತಿದ್ದ. ಯಾರೂ ವಹಿಸಿದ ಕೆಲಸವಲ್ಲ, ಅವನೇ ಹಿಡಿದದ್ದು. ಅಂಚಿಗೆ ಅಂಚು ಕೂಡಿಸಿ, ಅಂಗೈಯಿಂದ ತೀಡಿ, ಒಂದರ ಮೇಲೊಂದು ಇಡುವನು. ಮಡಿಕೆ ಕೊಂಚ ಓರೆಯಾದರೆ ಬಿಚ್ಚಿ ಮತ್ತೆ ಮೊದಲಿನಿಂದ.

ಅಡುಗೆಯವಳಿಗೆ ಅವನೆಂದರೆ ಅಕ್ಕರೆ. ತಟ್ಟೆ ಇಟ್ಟು ಕೇಳುವಳು, “ಏನಯ್ಯಾ, ಉಪ್ಪು ಜಾಸ್ತಿ ಆಯ್ತಾ?”

“ಆಯ್ತಪ್ಪ.”

“ಹಾಗಾದ್ರೆ ಕಮ್ಮಿ ಆಯ್ತಾ?”

“ಆಯ್ತಪ್ಪ.”

“ನಿನ್ನಂಥ ಗಂಡ ಸಿಕ್ಕಿದ್ರೆ ನನ್ನ ಸಂಸಾರ ಹಾಲು ಜೇನಿನ ಹಾಗಿರ್ತಿತ್ತು ನೋಡು!”

ಊಟದ ಮನೆಯೆಲ್ಲ ನಗುತ್ತಿತ್ತು. ಅವನೂ ನಗುತ್ತಿದ್ದ.

ಆ ಮಾತು ಅವನಿಗೆ ಎಲ್ಲಿಂದ ಬಂತೆಂದು ಬಲ್ಲವಳು ಅಕ್ಕ ಒಬ್ಬಳೇ. ಫಿಟ್ಸ್ ಬಂದು ಹೋದ ಮೇಲೆ ತಾಯಿ ಅವನ ತಲೆಯನ್ನು ಮಡಿಲಿಗೆಳೆದುಕೊಂಡು, “ಆಯ್ತಪ್ಪ, ಆಯ್ತು, ಎಲ್ಲಾ ಆಯ್ತು” ಎಂದು ಹಣೆ ಸವರುತ್ತಿದ್ದಳು. ಉಳಿದವರಿಗೆ ಅದು ಸರಿ ಎನ್ನುವ ಮಾತು, ಇಲ್ಲವೇ ಮುಗಿಯಿತು ಎನ್ನುವ ಮಾತು. ಅವನಿಗೆ ಅದು ತಾಯಿಯ ಕೈ. ಫಿಟ್ಸ್ ಬರುವ ಸೂಚನೆ ಮೈಗೆ ಹತ್ತಿದಾಗಲೂ ಅವನು ತಗ್ಗಿದ ದನಿಯಲ್ಲಿ, ಮೇಲಿಂದ ಮೇಲೆ, ತನಗೆ ತಾನೇ ಅದನ್ನು ಹೇಳಿಕೊಳ್ಳುತ್ತಿದ್ದ.

ತಾಯಿ ಹೋದ ಮೇಲೆ ಅಕ್ಕ ಅವನನ್ನು ಇಲ್ಲಿಗೆ ತಂದು ಬಿಟ್ಟಿದ್ದಳು. ಅವಳು ಟೈಲರ್. ಹೊಲಿಗೆ ಅಂಗಡಿಯ ಮೇಲಿನ ಒಂದೇ ಕೋಣೆಯಲ್ಲಿ ವಾಸ, ಅಲ್ಲಿಗೆ ಹತ್ತಲು ಕಡಿದಾದ ಕಬ್ಬಿಣದ ಮೆಟ್ಟಿಲು. ಆ ಮೆಟ್ಟಿಲ ಮೇಲೆ ಒಮ್ಮೆ ಅವನು ಉರುಳಿದ್ದ. ಅಕ್ಕ ಪ್ರತಿ ಭಾನುವಾರ ಬಂದು ಅವನ ಉಗುರು ಕತ್ತರಿಸಿ, ಅಂಗಿಯ ಗುಂಡಿ ಗಟ್ಟಿಮಾಡಿ ಹೋಗುವಳು.

ಹಳೆಯ ಆಯಾ ಇರುವತನಕ ಅಕ್ಕನಿಗೆ ನಿಶ್ಚಿಂತೆ. ದೊಡ್ಡಮ್ಮ ಎಂದೇ ಎಲ್ಲರೂ ಕರೆಯುತ್ತಿದ್ದ ಆ ಮುದುಕಿ ಆಯ್ತಪ್ಪನನ್ನು ಏನೂ ಕೇಳುತ್ತಿರಲಿಲ್ಲ. “ಆ ಅನ್ನು” ಎಂದು ಬಾಯಿ ತೆರೆಸಿ, ಮಾತ್ರೆ ನಾಲಿಗೆಯ ಮೇಲಿಟ್ಟು, ನೀರು ಕುಡಿಸಿ, ಮತ್ತೆ “ಆ ಅನ್ನು” ಎಂದು ಒಳಗೆ ನೋಡುವಳು. ಅವನು ಸ್ನಾನಕ್ಕೆ ಕುಳಿತಾಗ ಬಾಗಿಲು ಅರೆತೆರೆದು, ಹೊರಗೆ ಸ್ಟೂಲ್ ಹಾಕಿಕೊಂಡು, ಗೋಡೆಗೆ ಮುಖಮಾಡಿ ಕೂರುವಳು. ಮಂಡಿನೋವು ಹೆಚ್ಚಾಗಿ ಮಗಳ ಮನೆಗೆ ಹೊರಟ ದಿನ ಅವಳು ಮೇಲ್ವಿಚಾರಕಿಗೆ ಹೇಳಿದಳು, “ಅವನನ್ನ ಕೇಳ್ಬೇಡಿ ಮೇಡಂ. ಬಾಯಿ ನೋಡಿ.”

“ಅವರಿಗೂ ಒಂದು ಮಾತಿದೆ ದೊಡ್ಡಮ್ಮ. ಕೇಳೋದು ಬೇಡ್ವಾ?”

ಮೇಲ್ವಿಚಾರಕಿ ಕೆಟ್ಟವಳಲ್ಲ. ಇನ್ನು ಇಲ್ಲಿ ಬಲವಂತ ಇರಬಾರದು, ಪ್ರತಿಯೊಂದನ್ನೂ ಅವರವರನ್ನೇ ಕೇಳಿ ಮಾಡಬೇಕು ಎಂದು ಅವಳು ಮನಸಾರೆ ಬಯಸಿದ್ದಳು. ಅಕ್ಕನಿಗೂ ಅದು ಹಿಡಿಸಿತ್ತು.

ದೊಡ್ಡಮ್ಮನ ಜಾಗಕ್ಕೆ ನಡುವಯಸ್ಸಿನ ಒಬ್ಬ ಸಹಾಯಕ ಬಂದ. ಮೃದು ಮಾತಿನವನು, ಕೈತುಂಬ ಕೆಲಸ. ಪಾಳಿ ಬದಲಾಗುವ ಹೊತ್ತಿಗೆ ಒಳಗೆ ಬಂದು, ಹಿಂದಿನವರು ಕೊಟ್ಟಿದ್ದಾರೋ ಇಲ್ಲವೋ ತಿಳಿಯದೆ, ಹೇಳಿಕೊಟ್ಟಂತೆ ವಿನಯದಿಂದ ಕೇಳುತ್ತಿದ್ದ, “ಅಣ್ಣಾ, ಮಾತ್ರೆ ಆಯ್ತಾ?”

“ಆಯ್ತಪ್ಪ.”

ಮಾತ್ರೆ ಡಬ್ಬಿಯ ಮುಚ್ಚಳ ತೆರೆಯದೆ ಹಾಗೇ ಉಳಿಯುತ್ತಿತ್ತು.

ಮೊದಲು ಅಕ್ಕನ ಕಣ್ಣಿಗೆ ಬಿದ್ದದ್ದು ಚಹಾ ಕುಡಿಯುವ ರೀತಿ. ಲೋಟವನ್ನು ಬಾಯಿಯ ಎಡಮೂಲೆಗೇ ಇಟ್ಟು ಹೀರುತ್ತಿದ್ದ. ನಾಲಿಗೆ ನೋಡಿದರೆ ಬಲಅಂಚಿನಲ್ಲಿ ಹಲ್ಲಿನ ಗಾಯ. ಮುಂದಿನ ಭಾನುವಾರ ಮೊಣಕೈ ನೀಲಿಗಟ್ಟಿತ್ತು. ಟವೆಲ್ ರಾಶಿಯಲ್ಲಿ ಅಲ್ಲಲ್ಲಿ ಓರೆ ಮಡಿಕೆಗಳು, ಬಿಚ್ಚದೆ ಹಾಗೇ ಬಿಟ್ಟವು.

“ಇವನಿಗೆ ಫಿಟ್ಸ್ ಬಂದಿದೆ ಮೇಡಂ.”

“ಯಾರೂ ನೋಡಿಲ್ಲಮ್ಮ. ಎಲ್ಲಾದ್ರೂ ತಾಗಿಸ್ಕೊಂಡಿರ್ಬೇಕು.”

“ಮಾತ್ರೆ?”

“ಅದು ತಪ್ಪೋದೇ ಇಲ್ಲ. ದಿನಾ ಕೇಳ್ತಾರೆ.”

ಕೇಳುತ್ತಾರೆ ಎಂಬ ಮಾತು ಅಕ್ಕನ ಕಿವಿಯಲ್ಲಿ ಮುಳ್ಳಿನ ಹಾಗೆ ಕೂತಿತು. ಹೊರಡುವಾಗ ಪಡಸಾಲೆಯ ಕೊನೆಯ ಸ್ನಾನದ ಮನೆಯ ಬಾಗಿಲಲ್ಲಿ ಏನೋ ಹೊಳೆಯಿತು. ಒಳಗಡೆಗೆ ಹೊಸ ಚಿಲಕ.

“ಇದು ಯಾಕೆ?”

“ಮಾನ ಮರ್ಯಾದೆ ಎಲ್ಲರಿಗೂ ಇರುತ್ತಲ್ಲಮ್ಮ. ಒಬ್ಬರೇ ಸ್ನಾನ ಮಾಡ್ತೀರಾ ಅಂತ ಅವರನ್ನೇ ಕೇಳಿದ್ವಿ.”

ಉತ್ತರ ಏನು ಬಂತೆಂದು ಅಕ್ಕ ಕೇಳಬೇಕಿರಲಿಲ್ಲ. “ಇವನನ್ನ ಮಾತ್ರ ಒಬ್ಬನೇ ಬಿಡ್ಬೇಡಿ, ಕೈ ಮುಗೀತೀನಿ” ಎಂದಳು. ನೋಡ್ಕೋತೀವಿ ಎಂದರು.

ಮರುವಾರ ಅವಳು ಬಂದಾಗ ಬಟ್ಟೆ ಕೋಣೆಯಲ್ಲಿ ಅವನಿರಲಿಲ್ಲ. ಅರ್ಧ ಮಡಚಿದ ಟವೆಲ್ ಬೆಂಚಿನ ಮೇಲಿತ್ತು. ಪಡಸಾಲೆಯ ಕೊನೆಯಲ್ಲಿ ನಲ್ಲಿ ಸುರಿಯುವ ಸದ್ದು. ಮುಚ್ಚಿದ ಬಾಗಿಲ ಹೊರಗೆ ಸಹಾಯಕ ಇನ್ನೊಬ್ಬರ ಗಾಲಿಕುರ್ಚಿ ತಳ್ಳಿಕೊಂಡು ಹೋಗುತ್ತಿದ್ದವನು ನಿಂತು ಕೂಗಿದ, “ಅಣ್ಣಾ, ಸ್ನಾನ ಆಯ್ತಾ?”

ಒಳಗಿನಿಂದ ದನಿ ಬಂತು. “ಆಯ್ತಪ್ಪ.” ಸ್ವಲ್ಪ ತಡೆದು, ಇನ್ನೂ ತಗ್ಗಿ, “ಆಯ್ತಪ್ಪ… ಆಯ್ತಪ್ಪ…”

“ನೋಡಿ, ಆಯ್ತಂತೆ. ಈಗ ಬರ್ತಾರೆ” ಎಂದು ಸಹಾಯಕ ಅಕ್ಕನತ್ತ ತಿರುಗಿ ನಕ್ಕ.

ಅಕ್ಕ ಬಾಗಿಲಿಗೆ ಧಾವಿಸಿದಳು. “ಬಾಗಿಲು ಒಡೀರಿ!”

“ಯಾಕಮ್ಮಾ, ಅವರೇ…”

“ಅದು ಸ್ನಾನಕ್ಕೆ ಅಂದಿದ್ದಲ್ಲ. ಒಡೀರಿ ಅಂದ್ರೆ ಒಡೀರಿ!”

ಒಳಗೆ ಏನೋ ಭಾರವಾಗಿ ಬಿತ್ತು. ಮಾತು ನಿಂತಿತು, ನೀರು ನಿಲ್ಲಲಿಲ್ಲ. ಕೂಗು ಕೇಳಿ ಅಡುಗೆಯವಳು ಓಡಿಬಂದಳು. ಅವಳ ಹೆಗಲು, ಸಹಾಯಕನ ಹೆಗಲು, ಬಾಗಿಲು ಅಲುಗಲಿಲ್ಲ. ಚಿಲಕ ಗಟ್ಟಿಯಾಗಿತ್ತು, ಒಳ್ಳೆಯ ಕೆಲಸ. ಕೊನೆಗೆ ಚೌಕಟ್ಟಿನ ಹಳೆಯ ಮರವೇ ಸೀಳಿತು.

ಆಯ್ತಪ್ಪ ಬೋರಲು ಬಿದ್ದು ಅದುರುತ್ತಿದ್ದ. ಸ್ನಾನಕ್ಕೆ ತಂದ ಟವೆಲ್ಲನ್ನು ಅಚ್ಚುಕಟ್ಟಾಗಿ ಮಡಚಿ ನೆಲದ ಮೇಲಿಟ್ಟಿದ್ದನೇನೋ, ಅದು ಜಾರಿ ಬಚ್ಚಲಿನ ತೂತಿಗೆ ಕೂತಿತ್ತು. ನಿಂತ ನೀರು ಅವನ ತುಟಿಯ ಹತ್ತಿರ ಮುಟ್ಟಿ ಹಿಂದೆ ಸರಿದು ಮತ್ತೆ ಮುಟ್ಟುತ್ತಿತ್ತು. ಅಕ್ಕ ಅವನನ್ನು ಮಗ್ಗುಲಿಗೆ ಹೊರಳಿಸಿದಳು. ಅಡುಗೆಯವಳು ನಲ್ಲಿ ತಿರುಗಿಸಿ ನೀರು ನಿಲ್ಲಿಸಿದಳು.

ಅದುರುವಿಕೆ ನಿಂತು ಗೊರಕೆಯಂಥ ಉಸಿರು ಶುರುವಾಯಿತು. ಅವನಿಗೆ ಬಟ್ಟೆ ಹೊದಿಸಿ, ತಲೆಯನ್ನು ಮಡಿಲಿಗೆ ತೆಗೆದುಕೊಂಡು ಅಕ್ಕ ಕೇಳಿದಳು, “ಬೆಳಿಗ್ಗೆ ಮಾತ್ರೆ ನಿಮ್ಮ ಕೈಯಾರೆ ಕೊಟ್ರಾ?”

ಸಹಾಯಕ ಒದ್ದೆ ನೆಲದ ಮೇಲೆ ಕುಕ್ಕರಿಸಿದ. “ಆಯ್ತಾ ಅಂತ ಕೇಳ್ದೆ ಅಮ್ಮಾ… ದಿನಾ ಕೇಳ್ತೀನಿ…”

ಅಷ್ಟರಲ್ಲಿ ಮೇಲ್ವಿಚಾರಕಿ ಬಂದಿದ್ದಳು. ಸೀಳಿದ ಚೌಕಟ್ಟು ನೋಡಿದಳು, ನೀರು ನೋಡಿದಳು. “ದಯವಿಟ್ಟು ಗಾಬರಿ ಆಗ್ಬೇಡಿ. ಇವತ್ತೇ ಚಿಲಕ ತೆಗೆಸ್ತೀನಿ. ಇನ್ಮೇಲೆ ಹೀಗಾಗದ ಹಾಗೆ ನಾವೇ ನೋಡ್ಕೋತೀವಿ. ಆಯ್ತಾ?”

ಇಲ್ಲ ಎನ್ನಲು ಅಕ್ಕ ಬಾಯಿ ತೆರೆದಳು. ಅವಳಿಗಿಂತ ಮೊದಲು ಮಡಿಲಿನಿಂದ, ಕಣ್ಣು ಬಿಡದೆಯೇ, ದಣಿದ ದನಿ ಬಂತು.

“ಆಯ್ತಪ್ಪ.”