ತಕ್ಕಡಿ ಹಿಡಿದವನ ಸರದಿ

ಆಗಿನ್ನೂ ವಾಡಿ ಜಂಕ್ಷನ್ನಿನಲ್ಲಿ ಇಂಜಿನ್ನುಗಳು ನಿಂತು ನೀರು ಕುಡಿಯುತ್ತಿದ್ದ ಕಾಲ. ನಮ್ಮ ರಾಜ್ಯಕ್ಕೆ ಮೈಸೂರು ಎಂಬ ಹೆಸರಿತ್ತು. ಆದರೆ ಚಿತ್ತಾಪುರದ ನಮ್ಮ ಓಣಿಯಲ್ಲಿ ಮೈಸೂರನ್ನು ಕಂಡು ಬಂದವರು ಒಬ್ಬರೂ ಇರಲಿಲ್ಲ. ಶಾಹಾಬಾದಿನ ಕಲ್ಲು ಹಾಸದ ಮನೆ ಇರಲಿಲ್ಲ, ಆ ಕಲ್ಲಿನ ಮೇಲೆ ಸುಣ್ಣದಿಂದ ಮನೆ ಬರೆದು ಕುಂಟಾಟ ಆಡದ ಹುಡುಗಿಯರೂ ಇರಲಿಲ್ಲ. ಇದನ್ನು ಓದುವವರಲ್ಲಿ ಅರ್ಧ ಜನರ ಮೊಣಕಾಲಲ್ಲಿ ಆ ಕಲ್ಲಿನ ರುಜು ಇಂದಿಗೂ ಇರಬಹುದು.

ನಮ್ಮ ಅಪ್ಪ ಮಿಲಿಟರಿಯಲ್ಲಿದ್ದ. ಈ ಮಾತನ್ನು ನಾನು ಶಾಲೆಯಲ್ಲಿ ಎದೆಯುಬ್ಬಿಸಿ ಹೇಳುತ್ತಿದ್ದೆ. ಮುಂದಿನ ಪ್ರಶ್ನೆ ಬರುವುದರೊಳಗೆ ಅಲ್ಲಿಂದ ಜಾಗ ಖಾಲಿ ಮಾಡುತ್ತಿದ್ದೆ. ಏಕೆಂದರೆ ಅವನು ಬಂದೂಕು ಹಿಡಿದು ಗಡಿ ಕಾಯುವವನಾಗಿರಲಿಲ್ಲ. ಸಪ್ಲೈ ಕಂಪನಿಯ ಹವಾಲ್ದಾರ. ಬಂದೂಕು ಹಿಡಿದವರಿಗೆ ಅಕ್ಕಿ, ಬೇಳೆ, ಸಕ್ಕರೆ ತೂಗಿ ಕೊಡುವವನು. ಪಕ್ಕದ ಮನೆಯ ಫಾತಿಮಾ ಖಾಲಾ ಅವ್ವನನ್ನು ಕಾಡುತ್ತಿದ್ದಳು.

"ಯಾಕವ್ವ, ನಿನ್ನ ಗಂಡ ಫೌಜಿಗಿ ಹೋಗ್ಯಾನೋ, ಅಲ್ಲಿ ಕಿರಾಣಿ ಅಂಗಡಿ ಇಟ್ಟಾನೋ?"

"ಕಿರಾಣಿ ಇಟ್ಟಿದ್ರ ಮನಿಗಾದ್ರೂ ನಾಕು ಕಾಳು ಬರ್ತಿದ್ವು, ಖಾಲಾ," ಎನ್ನುತ್ತಿದ್ದಳು ಅವ್ವ.

ಅಪ್ಪ ರಜೆಗೆ ಬಂದನೆಂದರೆ ನಮ್ಮ ಎರಡು ಅಂಕಣದ ಮನೆ ಯುದ್ಧಕ್ಕೆ ಸನ್ನದ್ಧವಾಗುತ್ತಿತ್ತು. ಯಾರ ಮೇಲೆ ಯುದ್ಧ ಎಂಬುದು ಕೊನೆಯವರೆಗೂ ತಿಳಿಯುತ್ತಿರಲಿಲ್ಲ. ಸೂರ್ಯ ಹುಟ್ಟುವ ಮೊದಲೇ ಕೊಡಗಳು ತುಂಬಿರಬೇಕು, ಕಂದೀಲುಗಳು ಒರೆಸಿ ಸಾಲಾಗಿ ನಿಂತಿರಬೇಕು, ನಾನೂ ಎಣ್ಣೆ ಹಚ್ಚಿ ಜಡೆ ಹಾಕಿಸಿಕೊಂಡು ಸಾಲಾಗಿ ನಿಂತಿರಬೇಕು. ಒಬ್ಬಳೇ ಇದ್ದರೂ ಸಾಲು ಸಾಲೇ. ಊಟಕ್ಕೆ ಅವನೇ ಬಡಿಸುವನು. ನನಗೆ, ಅವ್ವನಿಗೆ, ಅಂದು ಬಂದ ಭಿಕ್ಷುಕನಿಗೆ ಒಂದೇ ಸಮನಾದ ಪಾಲು. ಎಲ್ಲರದೂ ಮುಗಿದ ಮೇಲೆ ತಾನು ಪುಂಡಿಪಲ್ಯದ ಬೋಗಾಣಿಯನ್ನು ಬೆರಳಿಂದ ಗೋರುತ್ತ ಕೂಡುವನು.

"ತಕ್ಕಡಿ ಹಿಡದವ ಕಡೀಗಿ ಉಣಬೇಕು," ಎಂಬುದು ಅವನ ಶಾಸ್ತ್ರ. "ಇಲ್ಲಂದ್ರ ಆ ತಕ್ಕಡಿ ಮ್ಯಾಲ ಯಾರು ವಿಶ್ವಾಸ ಇಡ್ತಾರ?"

"ಬೋಗಾಣಿ ಗೋರೋದಕ್ಕ ವಿಶ್ವಾಸ ಅಂತಾರಂತ ನಮ್ಮ ತವರುಮನ್ಯಾಗ ಯಾರೂ ಹೇಳಿದ್ದಿಲ್ಲ," ಎಂದು ಅವ್ವ ಗೋಡೆಗೆ ಹೇಳುತ್ತಿದ್ದಳು. ಗಂಡನಿಗೆ ಹೇಳಬೇಕಾದ್ದನ್ನೆಲ್ಲ ಅವಳು ಗೋಡೆಗೇ ಹೇಳುತ್ತಿದ್ದಳು. ಗೋಡೆಯಾದರೂ ಎದುರು ನಿಯಮ ಹೇಳುತ್ತಿರಲಿಲ್ಲ.

ಈ ಶಾಸ್ತ್ರ ಬೋಗಾಣಿಗೆ ಮುಗಿದಿದ್ದರೆ ನಡೆಯುತ್ತಿತ್ತು. ಕಂಪನಿಯಲ್ಲಿ ಅವನ ಕೈಕೆಳಗಿನ ಹದಿನೆಂಟು ಜವಾನರ ರಜೆಯ ಪಟ್ಟಿ ಬರೆಯುವವನೂ ಅವನೇ ಆಗಿದ್ದ. ಪಟ್ಟಿ ಬರೆದವನ ಹೆಸರು ಎಲ್ಲಿರುತ್ತಿತ್ತೆಂದು ಬೇರೆ ಹೇಳಬೇಕಿಲ್ಲ. ಆ ವರ್ಷ ನನ್ನ ತಮ್ಮ ಹುಟ್ಟಿದ. ಅಪ್ಪ ಕಾಗದ ಬರೆದ: ಬಹಳ ಸಂತೋಷ, ಇನ್ನು ಮೂವರದು ಆದ ಮೇಲೆ ತನ್ನ ಸರದಿ. ಮೂವರದು ಆಗುವಷ್ಟರಲ್ಲಿ ಗಡಿಯಲ್ಲಿ ಏನೋ ಆಗಲಿದೆ ಎಂದು ರೇಡಿಯೋ ಹೇಳತೊಡಗಿತು. ಎಲ್ಲರ ರಜೆಯೂ ರದ್ದಾಯಿತು. ತಮ್ಮನಿಗೆ ಏಳು ತಿಂಗಳು ತುಂಬಿತು. ಅವನು ಬೋರಲು ಬಿದ್ದ, ಅಂಬೆಗಾಲಿಟ್ಟ, ಒಂದು ಬಳಪ ನುಂಗಿ ಉಗುಳಿದ. ಅಪ್ಪನಿಗೆ ಇದೆಲ್ಲ ಕಾಗದದಲ್ಲಿ ಮಾತ್ರ ತಲುಪಿತು.

ಅವ್ವನ ತಮ್ಮ ಶರಣಪ್ಪ ಮಾಮ ವಾಡಿ ಸ್ಟೇಷನ್ನಿನಲ್ಲಿ ಹಳಿ ಬದಲಿಸುವ ಪಾಯಿಂಟ್ಸ್‌ಮನ್. ದಸರೆ ಕಳೆದ ಮೇಲೆ ಅವನು ಗೂಡ್ಸ್ ಗಾಡಿ ಹತ್ತಿ ಬಂದು ಗುಟ್ಟು ಹೇಳಿದ: "ಸಿಕಂದರಾಬಾದ್ ಕಡಿಂದ ಮಿಲಿಟರಿ ಗಾಡಿ ಬರಾಕತ್ಯಾವ ಅಕ್ಕ. ವಾಡ್ಯಾಗ ಇಂಜಿನ್ ಬದಲಾಗ್ತದ, ಅರ್ಧ ತಾಸು ನಿಲ್ತಾವ. ಭಾವನ ಕಂಪನಿದೂ ಬಂದ್ರ ಬರಬಹುದು."

"ಯಾವ ದಿನಾ?"

"ಅದು ಸ್ಟೇಷನ್ ಮಾಸ್ತರಗೇ ಗೊತ್ತಿಲ್ಲ. ನನಗೇನ್ ಗೊತ್ತು?"

ಅವ್ವ ಅಂದಿನಿಂದ ಸನ್ನದ್ಧಳಾದಳು. ಸಜ್ಜೆ, ಜೋಳ ಬೀಸಿ ಖಡಕ್ ರೊಟ್ಟಿ ತಟ್ಟಿ ಒಲೆಯ ಸುತ್ತ ಒಣಗಿಸಿದಳು; ಮನೆಯೆಲ್ಲ ಎಳ್ಳು ಹುರಿದ ವಾಸನೆ, ಕುಟ್ಟಿದ ಶೇಂಗಾ ಹಿಂಡಿ ಚಟ್ನಿಯ ಬೆಳ್ಳುಳ್ಳಿ ಘಾಟು. ಅದರಲ್ಲಿ ಒಂದು ತುಂಡನ್ನೂ ನನಗೆ ಮುಟ್ಟಗೊಡಲಿಲ್ಲ. ನಿಯಮ ಎಂಬುದು ಅಂಟುರೋಗ. ಗಂಡನಿಂದ ಹೆಂಡತಿಗೆ ಹತ್ತುತ್ತದೆ.

ಮಾಮ ಕಳಿಸಿದ ಮೊದಲ ಸುದ್ದಿಗೆ ಕೂಸನ್ನೂ ರೊಟ್ಟಿಯ ಬುಟ್ಟಿಯನ್ನೂ ಹೊತ್ತು ವಾಡಿಗೆ ಓಡಿದೆವು. ಗಾಡಿ ಬಂದಿತು. ಡಬ್ಬಿಗಳಿಂದ ಸಾಲಾಗಿ ಮುಖ ಹೊರಹಾಕಿದವು ಹೇಸರಗತ್ತೆಗಳು. ಅವ್ವ ಅವುಗಳನ್ನೂ ಮಾಮನನ್ನೂ ಒಂದೇ ಕಣ್ಣಿಂದ ನೋಡಿದಳು. ಎರಡನೆಯ ಸಲ ಬಂದವರು ಮನುಷ್ಯರೇ, ಆದರೆ ಪಂಜಾಬಿನವರು. ಬುಟ್ಟಿ ನೋಡಿ ಕೈ ಮುಗಿದರು. ಅವ್ವನಿಗೆ ಇಲ್ಲ ಎನ್ನಲಾಗಲಿಲ್ಲ. ಖಾಲಿ ಬುಟ್ಟಿಯೊಂದಿಗೆ ಮರಳಿ ಮತ್ತೆ ಹಿಟ್ಟು ನಾದಿದೆವು. ಸರಕಾರದ ಸಪ್ಲೈ ಕಂಪನಿ ಒಂದು ಕಡೆ, ಚಿತ್ತಾಪುರದ ನಮ್ಮ ಅವ್ವ ಒಂದು ಕಡೆ. ಆ ತಿಂಗಳು ದೇಶದ ಹೊಟ್ಟೆ ತುಂಬಿಸಿದವರು ಇಬ್ಬರು.

ಮೂರನೆಯ ಸಲ ಮಧ್ಯಾಹ್ನ. ಪ್ಲಾಟ್‌ಫಾರ್ಮಿನ ಕಲ್ಲು ಕಾದಿತ್ತು. ನಾನು ಬಿಸಿಲಿಗೆ ಅಂಜದೆಯೇ ಕುಂಟಾಟ ಆಡುತ್ತಿದ್ದೆ, ಏಕೆಂದರೆ ಒಂದೇ ಕಾಲು ಸುಡುತ್ತಿತ್ತು. ಗಾಡಿ ಕಲ್ಲಿದ್ದಲ ಹೊಗೆ ಉಗುಳುತ್ತ ಬಂದು ನಿಂತಿತು. ಮೂರನೆಯ ಡಬ್ಬಿಯಿಂದ ಮೊದಲು ಒಂದು ದಪ್ಪ ನೋಟ್‌ಬುಕ್ಕು ಇಳಿಯಿತು, ಅದರ ಹಿಂದೆ ಅಪ್ಪ.

ಹದಿನಾಲ್ಕು ತಿಂಗಳ ಮೇಲೆ ಹೆಂಡತಿಯ ಮುಖ ಕಂಡ ಅವನು ಆಡಿದ ಮೊದಲ ಮಾತು ಇದು: "ಗಾಡಿ ಸುದ್ದಿ ನಿಮಗ ಯಾರು ಹೇಳಿದ್ರು? ಇದು ಹೊರಗ ಬರಬಾರದು."

ಮಾಮ ಆಕಾಶ ನೋಡಿದ.

"ಹಕ್ಕಿ ಬಂದು ಹೇಳಿತ್ರಿ," ಎಂದಳು ಅವ್ವ. "ಇದು ಕೇಳೋ ಮಾತಾ? ಕೂಸಿನ್ನ ತಗೋರಿ ಮೊದಲ."

ಅಪ್ಪ ಕೂಸನ್ನು ನೋಡಿದ. ಕೂಸು ಅಪ್ಪನ ಮೀಸೆಯನ್ನು ನೋಡಿತು. ಅವನ ಕೈ ಮುಂದೆ ಬಂದು ಅರ್ಧಕ್ಕೆ ನಿಂತಿತು. "ಕೈ ಮಸಿ ಆಗ್ಯಾವ. ತೊಳಕೊಂಡು ತಗೋತೀನಿ. ಇವ್ರಿಗಿ ಮುಂಜಾನಿಂದ ಊಟಿಲ್ಲ, ಮೊದಲ ರೊಟ್ಟಿ ಹಂಚತೀನಿ, ತಡಿ."

ಹದಿನೆಂಟು ಮಂದಿ ಸಾಲಾಗಿ ನಿಂತರು. ಅಪ್ಪ ಮಸಿ ಕೈಗೆ ಕರವಸ್ತ್ರ ಸುತ್ತಿ ಹಂಚಿದ: ಒಬ್ಬೊಬ್ಬರಿಗೆ ಎರಡು ರೊಟ್ಟಿ, ಒಂದು ಚಿಟಿಕೆ ಹಿಂಡಿ. ಕೊನೆಗೆ ಬುಟ್ಟಿಯಲ್ಲಿ ಉಳಿದದ್ದು ಅಪ್ಪನ ಪಾಲಿನ ಎರಡು. ಅವ್ವನ ಮುಖ ಅರಳುವುದರೊಳಗೆ ಅವನು ಅವನ್ನು ಇಂಜಿನ್ನಿನ ಡ್ರೈವರನಿಗೊಂದು, ಬೆಂಕಿ ಹಾಕುವವನಿಗೊಂದು ಕೊಟ್ಟುಬಂದ. ಮೂರು ಸಲ ತಟ್ಟಿದ ರೊಟ್ಟಿಯಲ್ಲಿ ಅವನ ಬಾಯಿಗೆ ಬಿದ್ದದ್ದು ಬುಟ್ಟಿಯ ತಳದ ಪುಡಿ. ಅವ್ವ ಮಾತಾಡಲು ಗೋಡೆ ಹುಡುಕಿದಳು. ಪ್ಲಾಟ್‌ಫಾರ್ಮಿನಲ್ಲಿ ಗೋಡೆ ಇರಲಿಲ್ಲ.

ಕೈ ತೊಳೆಯಲು ಅಪ್ಪ ನಳದ ಕಡೆಗೆ ಹೋದಾಗ ಒಬ್ಬ ಹಿರಿಯ ಜವಾನ ಅವ್ವನ ಬಳಿ ಬಂದು ಕೈ ಚಾಚಿದ. ತನ್ನ ಮನೆಯಲ್ಲೂ ಇಷ್ಟೇ ದೊಡ್ಡ ಕೂಸಿದೆ, ತಾನಿನ್ನೂ ನೋಡಿಲ್ಲ, ಒಂದು ಗಳಿಗೆ ಕೊಡಿ ಎಂದು ಹಿಂದಿಯಲ್ಲಿ ಕೇಳಿದ. ಫಾತಿಮಾ ಖಾಲಾಳಿಂದ ಕಲಿತ ಮಾತಿನಿಂದ ಅವ್ವನಿಗೆ ಅಷ್ಟು ತಿಳಿಯಿತು. ಕೊಟ್ಟಳು. ಅವನು ಕೂಸಿನ ತಲೆ ಮೂಸಿದ. ಅದನ್ನು ನೋಡಿ ಮತ್ತೊಬ್ಬ ಬಂದ, ಆಮೇಲೆ ನಾಲ್ವರು. ನೂಕುನುಗ್ಗಲಾಯಿತು. ಒದ್ದೆ ಕೈಯಲ್ಲಿ ಮರಳಿದ ಅಪ್ಪ ಈ ಅವ್ಯವಸ್ಥೆಯನ್ನು ಕಂಡು ಕೂಗಿದ:

"ಲೈನ್!"

ನನ್ನ ಒಡಹುಟ್ಟಿದವನನ್ನು ರೇಶನ್ನಿನಂತೆ ಹಂಚಲಾಯಿತು. ಒಬ್ಬೊಬ್ಬನಿಗೆ ಇಪ್ಪತ್ತು ಎಣಿಸುವವರೆಗೆ. ಎಣಿಸುವವನು ಅಪ್ಪ. ಅವನು ನಿಂತದ್ದು ಸಾಲಿನ ಕೊನೆಯಲ್ಲಿ.

"ನೀವು ಮೊದಲ ಬರ್ರಿ!" ಎಂದಳು ಅವ್ವ.

"ಇವ್ರೂ ತಮ್ಮ ಕೂಸುಗಳ್ನ ಬಿಟ್ಟೇ ಬಂದಾರ," ಎಂದ ಅಪ್ಪ. "ಹನ್ನೊಂದು, ಹನ್ನೆರಡು..."

ಒಬ್ಬ ಹಾಡು ಗುನುಗಿದ, ಒಬ್ಬ ಸುಮ್ಮನೆ ಕಣ್ಣೊರೆಸಿಕೊಂಡ. ಕೂಸು ಒಬ್ಬನ ಅಂಗಿಯ ಗುಂಡಿ ಕಚ್ಚಿತು. ಅಪ್ಪನ ಮುಂದೆ, ಕೊನೆಯವನಾಗಿ, ಎಲ್ಲರೂ ಪಹಾಡಿ ಎಂದು ಕರೆಯುತ್ತಿದ್ದ ಬೆಟ್ಟದ ಸೀಮೆಯ ಹುಡುಗ. ಅವನ ಮೀಸೆ ಇನ್ನೂ ಅರ್ಜಿ ಹಾಕುವ ಹಂತದಲ್ಲಿತ್ತು. ಆಗಿನಿಂದಲೂ ಅವನು ಕೈಯನ್ನು ಪ್ಯಾಂಟಿಗೆ ಒರೆಸುತ್ತಲೇ ಇದ್ದ.

"ಸಿಗ್ನಲ್ ಬಿತ್ತು, ಭಾವ!" ಎಂದು ದೂರದಿಂದ ಮಾಮ ಕೂಗಿದ.

ಕೂಸು ಹದಿನೇಳನೆಯವನ ಕೈಯಲ್ಲಿತ್ತು. ಅಪ್ಪ ಎಣಿಸುವುದನ್ನು ನಿಲ್ಲಿಸಲಿಲ್ಲ. ಇಂಜಿನ್ ಸೀಟಿ ಹೊಡೆಯಿತು. ಪಹಾಡಿ ಕೈ ಚಾಚಿದ. ಅಷ್ಟರಲ್ಲಿ ಅವ್ವ ಸೆರಗು ಸೊಂಟಕ್ಕೆ ಸಿಗಿಸಿ ಸಾಲಿನೊಳಗೆ ನುಗ್ಗಿ, ಆ ಹುಡುಗನ ಬೆರಳು ತಾಗುವ ಮೊದಲೇ ಕೂಸನ್ನು ಕಸಿದು ಅಪ್ಪನ ಎದೆಗೆ ಒತ್ತಿದಳು.

"ಹಿಡೀರಿ! ಇದು ಸರಕಾರಿ ಮಾಲಲ್ಲ, ನಮ್ಮ ಮನೀದು!"

"ಅವನ ಸರದಿ ಅದ..."

"ಸರದಿ ಹಾಳಾಗ್ಲಿ! ಮಗನ ಮಾರಿ ನೋಡ್ರಿ!"

"ಸಾಲು ಮುರದ್ರ ಹ್ಯಾಂಗ? ಅವಂಗ ಏನ್ ಹೇಳ್ಲಿ?"

ಹೀಗೆ ಅಪ್ಪ ತನ್ನ ಮಗನನ್ನು ಮೊದಲ ಸಲ ಎತ್ತಿಕೊಂಡ ಸಮಯದಲ್ಲಿ ಅರ್ಧ ವಾದಕ್ಕೆ ಹೋಯಿತು. ಉಳಿದ ಅರ್ಧದಲ್ಲಿ ಅವನು ಕೂಸಿನ ಹಣೆಗೆ ಗಲ್ಲ ಒತ್ತಿ ಕಣ್ಣು ಮುಚ್ಚಿದ. ಕೂಸು ಕಿಟಾರನೆ ಕಿರುಚಿತು. ಗಾಡಿ ಅಲುಗಿತು. ಪಹಾಡಿ ಬಾಗಿಲಲ್ಲಿ ನಿಂತು ನಗುತ್ತ ಕೈ ಮುಗಿದ. "ಭಾಭೀಜೀ, ಅಗಲೀ ಬಾರ್." ಮುಂದಿನ ಸಲ. ಕೂಸನ್ನು ಅವ್ವನ ಕೈಗಿಟ್ಟು, ಹದಿನೆಂಟು ತಲೆ ಎಣಿಸಿ, ಅಪ್ಪ ಗಾಡಿಯನ್ನೂ ಕೊನೆಗೇ ಹತ್ತಿದ.

ಕೆಲವು ದಿನಕ್ಕೆ ಅವನ ಕಾಗದ ಬಂತು. ಓದಿ ಹೇಳುವವಳು ನಾನು. ಮೊದಲ ಸಾಲಿನಲ್ಲಿ ಕ್ಷೇಮ. ಎರಡನೆಯ ಸಾಲಿನಲ್ಲಿ: "ಅಂದು ಒಬ್ಬನ ಸರದಿ ತಪ್ಪಿತು. ಅನ್ಯಾಯವಾಯಿತು." ಮೂರನೆಯ ಸಾಲು ಕೇಳಲು ಅವ್ವ ನಿಲ್ಲಲಿಲ್ಲ.

"ಈ ಮನುಷ್ಯಾಗ ನಾ ಏನ್ ಮಾಡ್ಲಿ ಖಾಲಾ! ಯುದ್ಧಕ್ಕ ಹೊಂಟಾಗೂ ನನ್ನ ತಪ್ಪೇ ಬರೀತಾನ!" ಎಂದು ಅಂಗಳದಲ್ಲಿ ನಿಂತು ಕೂಗಿದಳು. ಒಂದು ತಾಸು ಕಳೆದ ಮೇಲೆ ಬಂದು, "ಬರಿ," ಎಂದಳು. "ರಜಾಕ್ಕ ಬರುವಾಗ ಆ ಹುಡುಗನ್ನ ಕರ್ಕೊಂಡೇ ಬರ್ರಿ ಅಂತ ಬರಿ. ಹೊಟ್ಟಿ ತುಂಬ ಕೂಸಿನ್ನ ಎತ್ಕೊಳ್ಳಲಿ. ನಿಮ್ಮ ನಿಯಮ ನಿಮ್ಮ ಕೊರಳಿಗಿ ಕಟ್ಕೋರಿ ಅಂತನೂ ಬರಿ." ಕೊನೆಯ ಮಾತನ್ನು ನಾನು ಬರೆಯಲಿಲ್ಲ.

ಯುದ್ಧ ಮುಗಿದು, ಬೇಸಿಗೆಗೆ ಅಪ್ಪ ಬಂದ. ತಮ್ಮ ಆಗ ನಡೆಯುತ್ತಿದ್ದ. ಅವ್ವ ರೊಟ್ಟಿ ತಟ್ಟುತ್ತ ಅಪ್ಪನ ಹಿಂದೆ ಬಾಗಿಲ ಕಡೆ ನೋಡಿದಳು.

"ಆ ಹುಡುಗ ಎಲ್ರಿ?"

ಅಪ್ಪ ಬೂಟಿನ ಲೇಸು ಬಿಚ್ಚುತ್ತಿದ್ದ. "ರೇಶನ್ ಲಾರಿ ಸಂಗಾಟ ಮುಂದ ಹೋಗಿದ್ದ," ಎಂದ. "ಲಾರಿ ತಿರುಗಿ ಬರ್ಲಿಲ್ಲ."

ಹೆಂಚಿನ ಮೇಲಿನ ರೊಟ್ಟಿ ಕರ್ರಗಾಯಿತು. ಅಂದು ನಾವೆಲ್ಲ ಅದನ್ನೇ ತಿಂದೆವು, ಸಮನಾಗಿ.

ಅಲ್ಲಿಂದ ಮುಂದೆ ನಮ್ಮ ಮನೆತನದಲ್ಲಿ ಯಾವ ಕೂಸು ಹುಟ್ಟಿದರೂ, ನನ್ನ ಮಗಳು ಹುಟ್ಟಿದಾಗಲೂ, ಅವ್ವ ಎಲ್ಲರನ್ನೂ ಸಾಲು ನಿಲ್ಲಿಸುತ್ತಿದ್ದಳು. ಕೂಸು ಕೈಯಿಂದ ಕೈಗೆ ಬರುತ್ತಿತ್ತು. ಕೊನೆಯಲ್ಲಿ ಅಪ್ಪ. ಅವನ ಮುಂದೆ ಒಬ್ಬರು ನಿಲ್ಲುವಷ್ಟು ಜಾಗ ಖಾಲಿ. ಆ ಜಾಗ ಬಂದಾಗ ಅವ್ವ ತಾನೇ ಕೂಸನ್ನು ಹಿಡಿದು ನಿಂತು ಇಪ್ಪತ್ತು ಎಣಿಸುತ್ತಿದ್ದಳು. ಅಪ್ಪ ಕಾಯುತ್ತಿದ್ದ. ಜೀವಮಾನದಲ್ಲಿ ಅವರಿಬ್ಬರೂ ಜಗಳವಿಲ್ಲದೆ ಒಪ್ಪಿದ ನಿಯಮ ಅದೊಂದೇ.

ಈಗ ಇಬ್ಬರೂ ಇಲ್ಲ. ವಾಡಿಯಲ್ಲಿ ಇಂಜಿನ್ನುಗಳಿಗೆ ಬಾಯಾರುವುದಿಲ್ಲ. ಬಸ್ಸಿಗೆ, ಪ್ರಸಾದಕ್ಕೆ, ಮದುವೆ ಊಟಕ್ಕೆ, ಎಲ್ಲೂ ಸಾಲು ನಿಲ್ಲುವವರಿಲ್ಲ. ನಿಂತವರನ್ನು ಜನ ಪಾಪ ಎಂಬಂತೆ ನೋಡುತ್ತಾರೆ. ಕಳೆದ ತಿಂಗಳು ಅದೇ ತಮ್ಮನಿಗೆ ಮೊಮ್ಮಗ ಹುಟ್ಟಿದ. ಹೋದರೆ ಅಲ್ಲಿ ಜಾತ್ರೆ. ಯಾರೋ ಎತ್ತುವವರು, ಯಾರೋ ಫೋನಿನಲ್ಲಿ ಫೋಟೋ ಹೊಡೆಯುವವರು, ಕೂಸು ಚೆಂಡಿನಂತೆ ಹಾರಾಡುತ್ತಿತ್ತು. ನಾನು "ಲೈನ್!" ಎಂದು ಕೂಗಿದೆ. ಎಲ್ಲರೂ ನಕ್ಕರು. ಬೊಜ್ಜು ಬಂದ ತಮ್ಮನೂ ನಕ್ಕ. ಹದಿನೇಳು ಮಂದಿ ಸಿಪಾಯಿಗಳ ಕೈ ದಾಟಿ ಬಂದವನು.

ಗದ್ದಲವೆಲ್ಲ ಊಟಕ್ಕೆ ಎದ್ದ ಮೇಲೆ ಕೂಸು ನನ್ನ ಕೈಗೆ ಬಂತು. ಮೊದಲು ಪಹಾಡಿಯ ಸರದಿ ಎಣಿಸಿದೆ, ಇಪ್ಪತ್ತರವರೆಗೆ. ಆಮೇಲೆ ಅಪ್ಪನದು. ನನ್ನದು ಶುರುವಾಗುವಷ್ಟರಲ್ಲಿ ತಮ್ಮನ ಸೊಸೆ ಬಂದು, "ಅತ್ತಿ, ಕೊಡ್ರಿ, ಹಾಲು ಕುಡಸೋ ಹೊತ್ತಾಯ್ತು," ಎಂದು ಎತ್ತಿಕೊಂಡು ಹೋದಳು.