ಸ್ಪೇರ್ ಕಂಡಕ್ಟರನ ನಿದ್ದೆ

ನಮ್ಮ ಮನೆ ಅಣ್ಣಿಗೇರಿ ಬಸ್ ನಿಲ್ದಾಣದ ಎದುರಿಗಿತ್ತು. ಯಾವ ಬಸ್ಸು ಎಷ್ಟು ತಡ, ಕಂಡಕ್ಟರ್ ಯಾರು ಎಂದು ದಿನಾ ಡೈರಿಯಲ್ಲಿ ಬರೆದಿಡುತ್ತಿದ್ದೆ. ಎಪ್ಪತ್ತರ ದಶಕದಲ್ಲಿ ಬಿ.ಎ. ಆದ ಹೆಂಗಸಿಗೆ ಊರಲ್ಲಿ ಯಾರೂ ಕೆಲಸ ಕೊಡಲಿಲ್ಲ, ಈ ಕೆಲಸವನ್ನು ನಾನೇ ಹುಡುಕಿಕೊಂಡಿದ್ದೆ.

ಒಂದು ಮುಂಜಾನೆ ನವಲಗುಂದದ ಬಸ್ಸಿನಲ್ಲಿ ಕಂಡಕ್ಟರ್ ಫಕೀರಪ್ಪ ನನಗೆ ಟಿಕೆಟ್ ಕೊಡುತ್ತ ಕೊಡುತ್ತಲೇ ಕಂಬಕ್ಕೆ ಒರಗಿ ನಿದ್ದೆ ಹೋದ. ಅದೇ ಹೊತ್ತಿಗೆ ತನಿಖಾಧಿಕಾರಿ ಹತ್ತಿದರು.

"ಡ್ಯೂಟಿ ಮ್ಯಾಲೆ ನಿದ್ದಿ? ನಾಳಿಂದ ಮನ್ಯಾಗ ಮಲಕೋ," ಎಂದು ವರದಿ ಬರೆಯತೊಡಗಿದರು.

"ನಾ ಸ್ಪೇರ್ ಅದೀನ್ರಿ ಸಾಹೇಬ್ರ. ಯಾರು ರಜಾ ಹಾಕಿದ್ರೂ ಅವರ ಬಸ್ಸಿಗೆ ನನ್ನ ಹತ್ತಸ್ತಾರ್ರಿ. ನಿನ್ನೆಯಿಂದ ಮಲಗಿಲ್ರಿ."

"ಡಿಪೋ ಪುಸ್ತಕದಾಗ ನಿನ್ನೆ ನಿನಗ ವಿಶ್ರಾಂತಿ ಅಂತ ಐತಿ."

ಅವನ ನೌಕರಿ ಹೋಗುವ ಹಾಗಿತ್ತು. ನಾನು ಡೈರಿ ತೆಗೆದು ಓದಿದೆ. "ನಿನ್ನೆ ಮುಂಜಾನೆ ಗದಗ ಬಸ್ಸು, ಫಕೀರಪ್ಪ, ಹನ್ನೆರಡು ನಿಮಿಷ ತಡ. ಮಧ್ಯಾಹ್ನ ಯರಗುಪ್ಪಿ, ಫಕೀರಪ್ಪ. ರಾತ್ರಿ ಹುಬ್ಬಳ್ಳಿ, ಮತ್ತೆ ಫಕೀರಪ್ಪ."

"ಇದನ್ನೆಲ್ಲಾ ಯಾಕ ಬರದೀರಿ ಅಕ್ಕಾರ?"

"ಬಸ್ಸು ತಡಾ ಮಾಡ್ತಾನ ಅಂತ ಇವನ ಮ್ಯಾಲೆ ದೂರು ಕೊಡಾಕ್ರಿ."

ಅಧಿಕಾರಿ ಆ ಪುಟವನ್ನು ಎರಡು ಸಲ ಓದಿ, ವರದಿ ಹರಿದು ಇಳಿದುಹೋದರು. ಫಕೀರಪ್ಪ ಕಣ್ಣೊರೆಸಿಕೊಂಡು ಬಳಿ ಬಂದ. ಕೈ ಮುಗಿಯುತ್ತಾನೆ ಅಂದುಕೊಂಡೆ.

"ಅಕ್ಕಾರ, ಗದಗ ಬಸ್ಸು ಹನ್ನೆರಡಲ್ರಿ, ಹತ್ತ ನಿಮಿಷ ತಡ."

ನಾನು ತಿದ್ದಲಿಲ್ಲ, ತಕರಾರನ್ನು ಅಂಚಿನಲ್ಲಿ ಬರೆದುಕೊಂಡೆ. ಆಮೇಲೆ ಅವನನ್ನು ನನ್ನ ಸೀಟಿನಲ್ಲಿ ಮಲಗಿಸಿ, ಪ್ರತಿ ಸ್ಟಾಪಿನಲ್ಲೂ ಗಂಟೆ ನಾನೇ ಬಾರಿಸಿದೆ. ಬಸ್ಸು ನವಲಗುಂದಕ್ಕೆ ವೇಳೆಗೆ ಸರಿಯಾಗಿ ಮುಟ್ಟಿತು. ಡೈರಿಯಲ್ಲಿ ಆ ದಿನದ ಕಂಡಕ್ಟರ್ ಯಾರು ಎಂಬಲ್ಲಿ ನನ್ನ ಹೆಸರೇ ಇದೆ.